ಹಾರಂಗಿಯ ಎತ್ತರಕ್ಕೆ 10 ಪಿಚ್: ಔಟ್‌ಬೋರ್ಡ್ ಪ್ರೊಪೆಲ್ಲರ್ ಆರಿಸಿದ ನನ್ನ ಅನುಭವ

ಹಾರಂಗಿ ಜಲಾಶಯದ ತುಂಬು ಮಟ್ಟ ಸಮುದ್ರಮಟ್ಟದಿಂದ 2859 ಅಡಿ. ದೋಣಿಯ ಹಿಂದೆ ತೂಗಿಸುವ ಔಟ್‌ಬೋರ್ಡ್ ಇಂಜಿನ್ನಿಗೆ ಪ್ರೊಪೆಲ್ಲರ್ ಕೊಡುವ ಕರಾವಳಿಯವರಿಗೆ ಈ ಲೆಕ್ಕ ಬೇಕಾಗುವುದಿಲ್ಲ, ನಮಗೆ ಬೇಕು. ಕಾರ್ಬುರೇಟರ್ ಇಂಜಿನ್ ಸಾವಿರ ಅಡಿ ಏರಿದರೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ 40 ಎಚ್‌ಪಿ ಇಂಜಿನ್ ಇಲ್ಲಿ ಮೂವತ್ತಾರೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಕಡಿಮೆ.

ನನ್ನದು 40 ಎಚ್‌ಪಿ ಟೂ-ಸ್ಟ್ರೋಕ್, ಗೇರ್ 2:1 (ಇಂಜಿನ್ ಎರಡು ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು), 17 ಅಡಿಯ ಫೈಬರ್ ದೋಣಿ, ಲೋಡ್ ಎಂಟು ಜನ. ಅಂಗಡಿಯವರು ಕೊಟ್ಟದ್ದು 13 ಪಿಚ್ಚಿನ ಮೂರು ಬ್ಲೇಡಿನ ಅಲ್ಯೂಮಿನಿಯಂ ಪ್ರೊಪೆಲ್ಲರ್. ಪಿಚ್ ಎಂದರೆ ಜಾರದೆ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಮುಂದೆ ಸಾಗುವ ದೂರ, ಇಂಚಿನಲ್ಲಿ. ಇಂಜಿನ್ ಪುಸ್ತಕದಲ್ಲಿ ಫುಲ್ ಥ್ರಾಟಲ್‌ಗೆ 4500ರಿಂದ 5500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಎಂದಿದೆ, ಇಲ್ಲಿ ತುಂಬಿದ ದೋಣಿಯಲ್ಲಿ 4200 ದಾಟಲಿಲ್ಲ. ಮೂಗು ಎತ್ತಿಕೊಂಡೇ ಓಡುವುದು, ಪ್ಲಗ್ ಎರಡು ವಾರಕ್ಕೆ ಕಪ್ಪಾಗುವುದು, ಎಳೆಯಲಾರದೆ ಇಂಜಿನ್ ಮುಕ್ಕರಿಯುವುದು. ಟೂ-ಸ್ಟ್ರೋಕ್ ಹೀಗೆ ಓಡುತ್ತಿದ್ದರೆ ಕಾರ್ಬನ್ ಕಟ್ಟಿ ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ. ರಿಂಗ್ ಬಿಚ್ಚಿಸುವ ಖರ್ಚಿಗೆ ಎರಡು ಅಲ್ಯೂಮಿನಿಯಂ ಪ್ರೊಪೆಲ್ಲರ್ ಬರುತ್ತವೆ.

10 ಪಿಚ್ ಹಾಕುತ್ತೇನೆ ಎಂದಾಗ ಎಲ್ಲರದೂ ಒಂದೇ ಮಾತು: “ಅಷ್ಟು ಇಳಿಸಿದ್ರೆ ಇಂಜಿನ್ ಓವರ್ ರೆವ್ ಆಗಿ ಹೋಗ್ತದೆ, ಸ್ಪೀಡೂ ಸಿಗೋದಿಲ್ಲ.” ಓವರ್ ರೆವ್ ಎಂದರೆ ಇಂಜಿನ್ ಮಿತಿ ಮೀರಿ ಸುತ್ತುವುದು. ಅವರ ಅನುಭವ ಸಮುದ್ರಮಟ್ಟದ್ದು. ಅಳೆಯದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಅಳೆಯುವಾಗಲೇ ಮೊದಲ ತಪ್ಪು ಆಯಿತು. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರಿನಲ್ಲಿ ಒಂದು ಸುತ್ತಿಗೆ ಒಂದು ಸ್ಪಾರ್ಕ್ ಎಂಬ ಸೆಟ್ಟಿಂಗ್ ಬೇಕು. ಎರಡು ಸುತ್ತಿಗೆ ಒಂದು ಎಂದಿಟ್ಟರೆ ದುಪ್ಪಟ್ಟು ತೋರಿಸುತ್ತದೆ. ಐಡ್ಲಿಂಗಿನಲ್ಲಿ 1600 ಕಂಡರೆ ಸೆಟ್ಟಿಂಗ್ ತಪ್ಪಿದೆ ಎಂದೇ ತಿಳಿಯಿರಿ. ವೇಗಕ್ಕೆ ಮೊಬೈಲ್ ಜಿಪಿಎಸ್ ಸಾಕು, ಆದರೆ ಗಾಳಿಗೆ ಎದುರು ಒಮ್ಮೆ, ಗಾಳಿಯ ಜೊತೆ ಒಮ್ಮೆ ಓಡಿಸಿ ಸರಾಸರಿ ಹಿಡಿಯಬೇಕು. ಮಧ್ಯಾಹ್ನ ಗಾಳಿ ಏಳುವ ಮುಂಚೆ, ಬೆಳಿಗ್ಗೆ ಮುಗಿಸುವುದು ಒಳ್ಳೆಯದು. ಜನರ ಬದಲು ನೀರು ತುಂಬಿದ 20 ಲೀಟರಿನ ಕ್ಯಾನುಗಳನ್ನಿಟ್ಟರೆ ಪ್ರತಿ ಸಲವೂ ಲೋಡ್ ಒಂದೇ.

ಸಿದ್ಧಾಂತದ ವೇಗ ಹೀಗೆ: ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಪಿಚ್ ಇಂಚಿನಿಂದಲೂ 0.001524ರಿಂದಲೂ ಗುಣಿಸಿದರೆ ಗಂಟೆಗೆ ಕಿಲೋಮೀಟರ್. 13 ಪಿಚ್ಚಿಗೆ 4200ರಲ್ಲಿ ಲೆಕ್ಕಕ್ಕೆ 41.6, ನೀರಿನ ಮೇಲೆ 29. ಈ ಎರಡರ ಅಂತರವೇ ಸ್ಲಿಪ್, ಇಲ್ಲಿ ನೂರಕ್ಕೆ ಮೂವತ್ತು, ಅಂದರೆ ಅಷ್ಟು ಪೆಟ್ರೋಲು ನೀರು ಕಲಕುವುದಕ್ಕೇ ಹೋಯಿತು. 11ಕ್ಕೆ ಇಳಿಸಿದಾಗ ಸುಮಾರು 4650. 10ಕ್ಕೆ 4900, ಲೆಕ್ಕಕ್ಕೆ 37, ನಿಜದಲ್ಲಿ 30. ಪಿಚ್ ಮೂರು ಇಂಚು ಇಳಿಸಿದರೂ ವೇಗ ಒಂದು ಕಿಲೋಮೀಟರ್ ಏರಿತು! ಒಬ್ಬನೇ ಕೂತು ಓಡಿಸಿದರೂ 5400ಕ್ಕೆ ನಿಂತಿತು, ಮಿತಿಯೊಳಗೇ. ದಿನದ ಪೆಟ್ರೋಲಿನಲ್ಲಿ ನಾಲ್ಕೈದು ಲೀಟರ್ ಉಳಿಯಿತು.

ಹೊಸದು ಕೊಳ್ಳುವ ಮುಂಚೆ ಹಳೆಯ 13ರ ಅಂಚನ್ನು ಸುತ್ತಲೂ ಕಾಲಿಂಚು ಕತ್ತರಿಸಿ, ವ್ಯಾಸ ಅರ್ಧ ಇಂಚು ಇಳಿಸಿಯೂ ನೋಡಿದ್ದೆ. ಆರ್‌ಪಿಎಂ ಇನ್ನೂರು ಏರಿತು, ಸ್ಲಿಪ್ ಅದಕ್ಕಿಂತ ಹೆಚ್ಚು ಏರಿತು. ಲೇತಿನಲ್ಲಿ ಎಷ್ಟು ಸರಿ ಮಾಡಿಸಿದರೂ ಒಂದು ಬ್ಲೇಡಿನ ತೂಕ ವ್ಯತ್ಯಾಸವಾಗಿ ನಡುಕ ಬಂತು. ಆ ದಾರಿ ಬೇಡ. ಬ್ಲೇಡಿನ ಹಿಂಬದಿಯ ಅಂಚಿನಲ್ಲಿರುವ ಸಣ್ಣ ಬಾಗನ್ನು (‘ಕಪ್’) ಅರದಿಂದ ಉಜ್ಜಿ ನೂರು ಆರ್‌ಪಿಎಂ ಪಡೆಯುವ ವಿಧಾನವೊಂದು ನನ್ನ ಬಳಿ ಇದೆ. ಎಲ್ಲಿ, ಎಷ್ಟು ಉಜ್ಜಬೇಕು ಎಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಸ್ಟೇನ್‌ಲೆಸ್‌ಗೆ ಇಪ್ಪತ್ತೆಂಟು ಸಾವಿರದಷ್ಟು ಹೋಯಿತು. ಬ್ಲೇಡ್ ತೆಳು, ಬಾಗುವುದಿಲ್ಲ, ನಿಜ. ಆದರೆ ಫೆಬ್ರವರಿಯಿಂದಾಚೆ ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆಗಳು ಮೇಲಕ್ಕೆ ಹತ್ತಿರವಾಗುತ್ತವೆ. ಏಳು ಸಾವಿರದ ಅಲ್ಯೂಮಿನಿಯಂ ಬಡಿದರೆ ತಾನೇ ಮುರಿಯುತ್ತದೆ. ಸ್ಟೇನ್‌ಲೆಸ್ ಮುರಿಯದೆ ಪೆಟ್ಟನ್ನು ಶಾಫ್ಟಿಗೂ ಗೇರಿಗೂ ದಾಟಿಸುತ್ತದೆ. ಪ್ರೊಪೆಲ್ಲರಿನ ನಡುಭಾಗವಾದ ಹಬ್‌ನೊಳಗಿನ ರಬ್ಬರ್ ಬುಷ್ ಪೆಟ್ಟು ತಡೆಯುವುದಕ್ಕೂ ಒಂದು ಮಿತಿಯಿದೆ. ಆ ಬೇಸಿಗೆ ಗೇರ್ ಕೆಲಸಕ್ಕೆ ಹದಿನಾಲ್ಕು ಸಾವಿರ ತೆತ್ತೆ. ದುಬಾರೆ ಕಡೆ ಕಾವೇರಿಯ ಬಂಡೆಗಳ ನಡುವೆ ಓಡಿಸುವವರಿಗೂ ನಾನು ಹೇಳುವುದು ಅಲ್ಯೂಮಿನಿಯಮ್ಮನ್ನೇ.

ನಾಲ್ಕು ಬ್ಲೇಡಿನ 10ನ್ನು ಎರಡು ದಿನ ಎರವಲು ತಂದು ಹಾಕಿದೆ. ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ, ಜನ ಕೂತ ಗಾಳಿ ಟ್ಯೂಬನ್ನು ದೋಣಿಯ ಹಿಂದೆ ಎಳೆಯಲು ಸೊಗಸು. ಆರ್‌ಪಿಎಂ 4700ಕ್ಕೆ ಇಳಿಯಿತು, ವೇಗ ಒಂದೂವರೆ ಕಿಲೋಮೀಟರ್ ಕಡಿಮೆ. ಇನ್ನೊಂದು ಪ್ರಯೋಗ ಕಾರ್ಬುರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲು ಬಿಡುವ ಸಣ್ಣ ರಂಧ್ರದ ತುಂಡು, ಒಂದು ಸೈಜ್ ಇಳಿಸಿದ್ದು. ಎತ್ತರದಲ್ಲಿ ಗಾಳಿ ತೆಳು, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲು ಹೆಚ್ಚಾಗುತ್ತದೆ. ಜೆಟ್ ಬದಲಿಸಿದ ಮೇಲೆ ಪ್ಲಗ್ ಕಾಫಿ ಪುಡಿಯ ಬಣ್ಣಕ್ಕೆ ಬಂತು. ಆದರೆ ಅದೇ ಇಂಜಿನ್ ಕರಾವಳಿಗೆ ಇಳಿದರೆ ಜೆಟ್ಟೂ ಹಳೆಯದಾಗಬೇಕು, ಪಿಚ್ಚೂ ಏರಬೇಕು. ಮರೆತರೆ ಪಿಸ್ಟನ್ ಸುಡುತ್ತದೆ.

ಆರ್‌ಪಿಎಂ ಏಕಾಏಕಿ ಏರಿ ದೋಣಿ ಮುಂದೆ ಹೋಗದಿದ್ದರೆ ಪಿಚ್ ದೂರಬೇಡಿ. ಒಂದೋ ಬುಷ್ ಜಾರಿದೆ, ಇಲ್ಲವೇ ಬ್ಲೇಡ್ ಗಾಳಿ ಎಳೆಯುತ್ತಿದೆ. ಹಬ್‌ನ ಒಳ ಹೊರ ಭಾಗಗಳ ಮೇಲೆ ಸಾಲಾಗಿ ಒಂದು ಪೇಂಟ್ ಗೆರೆ ಎಳೆದಿಡಿ. ಓಡಿಸಿ ಬಂದ ಮೇಲೆ ಗೆರೆ ತಪ್ಪಿದ್ದರೆ ಬುಷ್. ಗೆರೆ ಸರಿಯಿದ್ದರೆ ಪ್ರೊಪೆಲ್ಲರಿನ ಮೇಲಿನ ಪ್ಲೇಟ್ ದೋಣಿಯ ತಳದ ಮಟ್ಟಕ್ಕಿದೆಯೇ ನೋಡಿ. ನನ್ನದು ಒಂದೂವರೆ ಇಂಚು ಮೇಲಿತ್ತು.

ಈಗ 11ರ ಪ್ರೊಪೆಲ್ಲರ್ ದೋಣಿಯಲ್ಲೇ ಸ್ಪೇರ್. ಜೊತೆಗೆ ನಾಲ್ಕು ಸ್ಪ್ಲಿಟ್ ಪಿನ್, ಸ್ಪ್ಯಾನರ್, ಗ್ರೀಸ್, ಬ್ಲೇಡಿಗೂ ಪ್ಲೇಟಿಗೂ ನಡುವೆ ಸಿಕ್ಕಿಸಲು ಒಂದು ಮರದ ತುಂಡು. ಇಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ಕೊಂಡಿ ಕಿತ್ತ ಮೇಲೆಯೇ ಕೈ ಹಾಕಬೇಕು. ಬಿಚ್ಚಿದಾಗೆಲ್ಲ ಪ್ರೊಪೆಲ್ಲರಿನ ಮುಂದೆ ಶಾಫ್ಟಿನಲ್ಲಿ ಕೂರುವ ಥ್ರಸ್ಟ್ ವಾಷರಿನ ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಿ. ಅದು ಸೀಲ್ ಕೊಯ್ದರೆ ನೀರು ಒಳಹೋಗಿ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ.