ಹಳೇ ಜೇಬು ಪಿಸ್ತೂಲು ಸಿಕ್ಕಿದೆಯೇ? ಮೊದಲು ಮಾಡಬೇಕಾದ್ದು ಇಷ್ಟು

ಕೊಡಗಿನ ಮನೆಗಳಿಗೆ ಕೋವಿ ಹೊಸದಲ್ಲ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ಬಂತೆಂದರೆ ಅದನ್ನು ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುತ್ತಾರೆ. ಜೇಬು ಪಿಸ್ತೂಲಿಗೆ ಈ ಭಾಗ್ಯವಿಲ್ಲ. ಆಸ್ತಿ ಪಾಲಾಗುವಾಗಲೋ, ತೋಟದ ಹಳೇ ಬಂಗಲೆಯ ಸಾಮಾನು ಸಾಗಿಸುವಾಗಲೋ ಅಂಗೈಯಗಲದ ತುಕ್ಕು ಹಿಡಿದ ವಸ್ತುವೊಂದು ಬೀರುವಿನಿಂದ ಹೊರಬೀಳುತ್ತದೆ. ನೋಡಿದವರೆಲ್ಲ ಕೇಳುವುದು ಒಂದೇ: ‘ಈಗಲೂ ಹೊಡೆಯುತ್ತದಾ?’ ಆ ಆಸೆಯನ್ನು ಅಲ್ಲಿಗೇ ಬಿಡಿ. ಇಂಥ ಪಿಸ್ತೂಲಿನ ಬೆಲೆ ಇರುವುದು ಅದು ಹಾಗೇ ಉಳಿದಿರುವುದರಲ್ಲಿ.

ಮೊದಲ ಕೆಲಸ, ಒಳಗೆ ಮದ್ದು ಇದೆಯೇ ಎಂದು ನೋಡುವುದು. ಬಾಯಿಯಿಂದ ಮದ್ದು ತುಂಬುವ ಕಾಲದ ಪಿಸ್ತೂಲುಗಳನ್ನು ತುಂಬಿದಂತೆಯೇ ಎತ್ತಿಟ್ಟವರು ಬಹಳ. ತೇವ ತಗಲದ ಕರಿಮದ್ದು ನೂರು ವರ್ಷ ಕಳೆದರೂ ಹೊತ್ತಿಕೊಳ್ಳಬಲ್ಲದು. ಕುದುರೆ, ಅಂದರೆ ಪಿಸ್ತೂಲಿನ ಸುತ್ತಿಗೆ, ಬಡಿಯುವ ಮೊಳೆಯಂಥ ನಿಪ್ಪಲ್ ಮೇಲೆ ಕಿಡಿ ಹೊತ್ತಿಸುವ ತಾಮ್ರದ ಟೋಪಿ ಕೂತಿದ್ದರೆ ಮುಟ್ಟಲೇಬೇಡಿ. ಇಲ್ಲವಾದರೆ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ತೆಳ್ಳಗಿನ ಬಿದಿರು ಕಡ್ಡಿಯನ್ನು ಮೆಲ್ಲಗೆ ನಳಿಗೆಯೊಳಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ. ಕಡ್ಡಿ ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ತುದಿ ಹೆಚ್ಚುಕಡಿಮೆ ನಿಪ್ಪಲ್ ಬಳಿಗೆ ಬರಬೇಕು. ಅದಕ್ಕಿಂತ ಸಾಕಷ್ಟು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ ಎಂದರ್ಥ. ಕೆದಕಬೇಡಿ, ಬಿಸಿ ಮಾಡಬೇಡಿ. ಪೊಲೀಸ್ ಠಾಣೆಗೆ ತಿಳಿಸಿ, ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ತೆಗೆಸಿ.

ಎರಡನೆಯದು ಕಾಗದ ಪತ್ರ. ಇಲ್ಲೇ ಹೆಚ್ಚಿನವರು ಎಡವುವುದು. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮೀನಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಹಾಗೆಂದು ಮನೆಯಲ್ಲಿರುವ ವಿನಾಯಿತಿ ಪತ್ರ ಈಗ ಸಿಕ್ಕ ಪಿಸ್ತೂಲಿಗೂ ಆಗುತ್ತದೆ ಎಂದುಕೊಳ್ಳಬೇಡಿ. ಅದರಲ್ಲಿ ಏನು ನಮೂದಾಗಿದೆ ಓದಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪುರಾತನ ಅಥವಾ ಕೆಟ್ಟುಹೋದ ಆಯುಧಗಳಿಗೆ ರಿಯಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಅದು ಬಳಕೆಗೆ ಬರಬಾರದು ಎಂಬುದು ಷರತ್ತು. ಕಮಾನು (ಸ್ಪ್ರಿಂಗ್) ಮುರಿದಿದೆ, ಕುದುರೆ ಇಲ್ಲ ಎಂಬಷ್ಟಕ್ಕೇ ರಿಯಾಯಿತಿ ಸಿಗದು. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ರಿಪೇರಿ ಮಾಡುವುದೇ ತಪ್ಪು. ಆದ್ದರಿಂದ ಮುರಿದ ಭಾಗ ಕೂರಿಸುವ ಕೆಲಸ ನಿಮ್ಮದಲ್ಲ. ತುಕ್ಕು ನಿಲ್ಲಿಸುವುದಷ್ಟೇ ನಿಮ್ಮದು.

ಹಿಡಿ ಆನೆದಂತದ್ದಾಗಿದ್ದರೆ ಇನ್ನೊಂದು ಕಾನೂನು ಎದುರಾಗುತ್ತದೆ. ದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಎಷ್ಟೇ ಚೆಂದ ಕಂಡರೂ ಕೊಳ್ಳಬೇಡಿ.

ಇನ್ನು ಗುರುತು ಹಿಡಿಯುವ ಕೆಲಸ. ನನ್ನ ಮಟ್ಟಿಗೆ ಹಳೇ ಪಿಸ್ತೂಲು ಸಂಗ್ರಹಿಸುವ ಇಡೀ ಹವ್ಯಾಸದ ರುಚಿ ಇರುವುದು ಇಲ್ಲಿಯೇ. ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಟಾರ್ಚ್ ಬೆಳಕು ಸಾಕು. ನಳಿಗೆಯ ತಳಭಾಗದಲ್ಲಿ, ಅದನ್ನು ಹೊಡೆದು ಪರೀಕ್ಷಿಸಿದ ಊರನ್ನು ತಿಳಿಸುವ ಪರೀಕ್ಷಾ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ‘ಜಿಪಿ’ ಅಕ್ಷರಗಳಿದ್ದರೆ ಲಂಡನ್. ಕಿರೀಟದಡಿ ಎರಡು ರಾಜದಂಡಗಳು ಕತ್ತರಿಯಾಕಾರದಲ್ಲಿದ್ದು ಜೊತೆಗೆ ‘ಬಿಪಿಸಿ’ ಎಂದಿದ್ದರೆ ಬರ್ಮಿಂಗ್‌ಹ್ಯಾಮ್. ಅಲ್ಲಿನ ಪರೀಕ್ಷಾಗಾರ 1813ರದ್ದು, ಹಾಗಾಗಿ ಪರೀಕ್ಷೆ ಅದಕ್ಕಿಂತ ಹಿಂದಿನದಲ್ಲ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಎಂದಿದ್ದರೆ ಬೆಲ್ಜಿಯಂನ ಲೀಯೇಜ್. ಮೇಲೆ ಇಂಗ್ಲಿಷ್ ಅಂಗಡಿಯ ಹೆಸರು ಮಿರಿಮಿರಿ ಮಿಂಚುತ್ತಿದ್ದು ಅಡಿಯಲ್ಲಿ ಲೀಯೇಜ್ ಮುದ್ರೆ ಇದ್ದರೆ, ಮಾರುವವರ ಮಾತಿಗಿಂತ ಮುದ್ರೆಯನ್ನೇ ನಂಬಿ.

ನಳಿಗೆಯ ಬಾಯೊಳಗೆ ನಕ್ಷತ್ರದಂತೆ ಕಚ್ಚುಗಳು ಕಂಡರೆ ರೈಫಲ್ ಸುರುಳಿ ಎಂದು ಬಗೆಯಬೇಡಿ. ಇವು ಬಾಯಿಯ ಅಂಚಿನಲ್ಲಷ್ಟೇ ಇರುತ್ತವೆ. ಕೀಲಿ ತೂರಿಸಿ ನಳಿಗೆಯನ್ನೇ ತಿರುಗಿಸಿ ಬಿಚ್ಚಿ, ಹಿಂದಿನಿಂದ ಮದ್ದು ತುಂಬಲೆಂದು ಮಾಡಿದ ಏರ್ಪಾಡು ಅದು. ರೆಮಿಂಗ್ಟನ್ ಕಂಪನಿಯ ಜೋಡಿ ನಳಿಗೆಯ ಡೆರಿಂಜರ್ ಎಂಬ ಪುಟ್ಟ ಜೇಬು ಪಿಸ್ತೂಲು ಕಣ್ಣಿಗೆ ಬಿದ್ದರೆ ಮೊದಲು ಮೇಲಿನ ಕೀಲನ್ನು ನೋಡಿ. 1866ರಿಂದ 1935ರವರೆಗೆ ತಯಾರಾದ ಈ ಮಾದರಿಯಲ್ಲಿ ಕೀಲಿನ ಕಿವಿಗಳು ಬಿರುಕು ಬಿಡುವುದು ಸಾಮಾನ್ಯ. ಕೂದಲೆಳೆಯಷ್ಟು ಬಿರುಕೂ ಬೆಲೆಯನ್ನು ಇಳಿಸುತ್ತದೆ. ಅದಕ್ಕೆ ಬೆಸುಗೆ ಹಾಕಿಸಿದರೆ ಇನ್ನೂ ಇಳಿಯುತ್ತದೆ.

ಶುಚಿಗೊಳಿಸುವ ಮುನ್ನ ಎಲ್ಲ ಮಗ್ಗುಲಿನಿಂದ ಫೋಟೊ ತೆಗೆಯಿರಿ. ಕೈಯ ಬೆವರಿನ ಉಪ್ಪು ಕಬ್ಬಿಣಕ್ಕೆ ಆಗದು, ಗ್ಲೌಸ್ ಇರಲಿ. ಕೆರೆದರೆ ಪುಡಿಯಾಗಿ ಉದುರುವ ಕೆಂಪು ತುಕ್ಕು ಶತ್ರು. ನುಣುಪಾಗಿ ಗಟ್ಟಿಯಾಗಿ ಕೂತ ಕಂದು ಬಣ್ಣ ವಯಸ್ಸಿನ ಗುರುತು, ಅದನ್ನು ಉಳಿಸಿಕೊಳ್ಳಬೇಕು. ಕೆಂಪಿನ ಮೇಲೆ ತೆಳು ಮೆಷಿನ್ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹತ್ತಿ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಮತ್ತೆ ಹಚ್ಚಿ. ಅವಸರ ಬೇಡ. ಮರಳು ಕಾಗದ, ಪಾಲಿಷ್ ಚಕ್ರ, ಹುಣಸೆಹುಳಿ ಯಾವುದೂ ಹತ್ತಿರ ಬರಕೂಡದು. ಉಜ್ಜಿ ಥಳಥಳಿಸುವಂತೆ ಮಾಡಿದ ಪಿಸ್ತೂಲಿನಲ್ಲಿ ಕೆತ್ತನೆಯ ಅಂಚೂ ಸವೆದಿರುತ್ತದೆ, ಮುದ್ರೆಯೂ ಅಳಿದಿರುತ್ತದೆ.

ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಾಗಿಲ ತಿರುಗಣಿಯಿಂದ ಕತ್ತಿಯವರೆಗೆ ಎಲ್ಲಕ್ಕೂ ಅದೇ. ಡಿಸೆಂಬರಿನಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆ ಸೂಕ್ಷ್ಮ ಯಂತ್ರಕ್ಕೆ ಹೇಗಾದೀತು? ಕ್ರಮೇಣ ಕಮಟು ಹಿಡಿಯುತ್ತದೆ ಕೂಡ. ಬೇಡ.

ಸ್ಕ್ರೂ ತಿರುಗದಿದ್ದರೆ ಬಲ ಪ್ರಯೋಗಿಸಬೇಡಿ. ಹಳೇ ಸ್ಕ್ರೂಗಳ ಸೀಳು ಬಹಳ ಕಿರಿದು. ಮಾಮೂಲಿ ಸ್ಕ್ರೂಡ್ರೈವರ್ ಜಾರಿ ಪಕ್ಕದ ಕೆತ್ತನೆಗೆ ಗೀರು ಬೀಳುತ್ತದೆ. ಒಳಗಿನ ಕಮಾನು ಬಿಚ್ಚುವ ಸಾಹಸವೂ ಬೇಡ, ಸಿಡಿದರೆ ಕಣ್ಣಿಗೆ ಅಪಾಯ.

ಒರೆಸಿದ ಮೇಲೆ ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಸವರಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ನಮ್ಮ ಮಳೆಗಾಲದಲ್ಲಿ ಚರ್ಮ ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ. ಬೀಗವಿರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಚಿಕ್ಕ ತೇವಮಾಪಕವೊಂದನ್ನೂ ಹಾಕಿ. ಮುಳ್ಳು ಶೇಕಡ 50 ದಾಟದಿದ್ದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ತೆರೆದು ನೋಡಿ, ಜೆಲ್‌ನ ಬಣ್ಣ ತಿರುಗಿದ್ದರೆ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ.