ಪಟ್ಟಿ ನೋಡದೆ ಮೆಟ್ರಿಕ್ ಥ್ರೆಡ್ ಅಳತೆ ತೆಗೆಯುವುದು: ನನ್ನ ಅನುಭವ

ಲೇತ್‌ನಲ್ಲಿ ಮೆಟ್ರಿಕ್ ಥ್ರೆಡ್, ಅಂದರೆ ಮಿ.ಮೀ. ಅಳತೆಯ ಬೋಲ್ಟು-ನಟ್ಟಿನ ಹಲ್ಲು, ಹಾಕುವಾಗ ನಾನು ಗೋಡೆಗೆ ಅಂಟಿಸಿದ ಪಟ್ಟಿ ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಪಟ್ಟಿಯಲ್ಲಿರುವ ಮೂಲ ಅಳತೆಗಳೆಲ್ಲ ಒಂದೇ ತ್ರಿಕೋನದಿಂದ ಹುಟ್ಟಿದವು. ಅದು ಮನಸ್ಸಿನಲ್ಲಿ ಕೂತರೆ ಹೊರವ್ಯಾಸ ಮತ್ತು ಪಿಚ್ ಎರಡೇ ಸಾಕು, ಉಳಿದದ್ದನ್ನು ಒಂದು ಚೂರು ಕಾಗದದಲ್ಲಿ ಲೆಕ್ಕ ಹಾಕಬಹುದು.

ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಇರುವ ದೂರವೇ ಪಿಚ್. ಹಲ್ಲಿನ ಕೋನ 60 ಡಿಗ್ರಿ. ಹಾಗಾಗಿ ಪಿಚ್ಚನ್ನೇ ತಳವಾಗಿ ಇಟ್ಟುಕೊಂಡು ಸಮಬಾಹು ತ್ರಿಕೋನ ಬರೆದರೆ ಅದರ ಎತ್ತರ ಪಿಚ್ಚಿನ 0.866 ಪಟ್ಟು. ಅಷ್ಟು ಚೂಪಾದ ಹಲ್ಲು ಬಾಳುವುದಿಲ್ಲ. ಆದ್ದರಿಂದ ತುದಿಯಲ್ಲಿ ಆ ಎತ್ತರದ ಎಂಟನೇ ಒಂದು ಭಾಗವನ್ನೂ ಬುಡದಲ್ಲಿ ನಾಲ್ಕನೇ ಒಂದು ಭಾಗವನ್ನೂ ತೆಗೆದಿರುತ್ತಾರೆ. ಉಳಿಯುವುದು ಎಂಟರಲ್ಲಿ ಐದು ಭಾಗ, ಅಂದರೆ ಪಿಚ್ಚಿನ 0.5413 ಪಟ್ಟು. ಎರಡೂ ಬದಿ ಸೇರಿ 1.0825 ಪಟ್ಟು. ಹೊರವ್ಯಾಸದಿಂದ ಇದನ್ನು ಕಳೆದರೆ ನಟ್ಟಿನ ಒಳವ್ಯಾಸ ಸಿಗುತ್ತದೆ. ಬೋಲ್ಟಿನ ಬುಡ ದುಂಡಗಿದ್ದು ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ: ಒಂದು ಬದಿಗೆ 0.6134 ಪಟ್ಟು.

ಎಂ20 (ಹೊರವ್ಯಾಸ 20 ಮಿ.ಮೀ.), 2.5 ಪಿಚ್ಚಿನ ಬೋಲ್ಟ್ ಮಾಡುವುದಿದ್ದರೆ ಮೊದಲು ರಾಡನ್ನು 19.8 ಮಿ.ಮೀ.ಗೆ ತಿರುವುತ್ತೇನೆ. ಸಾಮಾನ್ಯ 6ಜಿ ಫಿಟ್‌ಗೆ (ಬೋಲ್ಟಿನ ಅಳತೆ ಎಷ್ಟು ಹೆಚ್ಚುಕಡಿಮೆ ಇರಬಹುದು ಎನ್ನುವ ದರ್ಜೆ) ಹೊರವ್ಯಾಸ 19.623ರಿಂದ 19.958ರವರೆಗೆ ಇರಬಹುದು, ಪೂರ್ತಿ 20 ಇಡಬಾರದು. ಥ್ರೆಡ್ಡಿನ ಆಳವನ್ನು ಮಾತ್ರ 20 ಮಿ.ಮೀ. ಮೇಲ್ಮೈಯಿಂದಲೇ ಎಣಿಸುತ್ತೇನೆ: 0.6134 × 2.5, ಅಂದರೆ 1.534 ಮಿ.ಮೀ.

ಇಲ್ಲಿ ಬಹಳ ಜನ ಎಡವುತ್ತಾರೆ. ಟೂಲ್ ಎಷ್ಟು ಒಳಗೆ ಹೋಯಿತೆಂದು ತೋರಿಸುವ ಡಯಲ್‌ನಲ್ಲಿ 1.534 ಬಂತು, ಕೆಲಸ ಮುಗಿಯಿತು ಅನ್ನುತ್ತಾರೆ, ಆದರೆ ನಟ್ಟು ಹತ್ತುವುದಿಲ್ಲ. ಆ ಆಳ ಸರಿಹೋಗುವುದು ಟೂಲಿನ ಮೂತಿಯ ತ್ರಿಜ್ಯ ಪಿಚ್ಚಿನ 0.1443 ಪಟ್ಟು ಇದ್ದಾಗ, ಅಂದರೆ ಇಲ್ಲಿ 0.36 ಮಿ.ಮೀ. ಇದ್ದಾಗ. ಮೂತಿ 0.2ರದ್ದಾದರೆ ಅದೇ ಆಳದಲ್ಲಿ ತೋಡು ಕಿರಿದಾಗಿ, ಹಲ್ಲು ದಪ್ಪವಾಗಿ ಉಳಿಯುತ್ತದೆ. ಅಂಥ ಟೂಲ್ ಇನ್ನೂ 0.16 ಮಿ.ಮೀ. ಒಳಗೆ ಹೋಗಬೇಕು. 60 ಡಿಗ್ರಿ ಕೋನದಲ್ಲಿ ಮೂತಿಯ ತ್ರಿಜ್ಯ ಎಷ್ಟು ಕಡಿಮೆಯೋ ಅಷ್ಟೇ ಆಳ ಹೆಚ್ಚು. ಈ ಲೆಕ್ಕ ನನಗೆ ತುಂಬಾ ಇಷ್ಟ. ಆದರೂ ಭಾರ ಹೊರುವ ಬೋಲ್ಟಿಗೆ ಚೂಪು ಮೂತಿ ಬಳಸಬೇಡಿ, ಬಿರುಕು ಶುರುವಾಗುವುದು ಬುಡದಲ್ಲೇ. ಬಲದ ದರ್ಜೆ 8.8 ಮತ್ತು ಅದಕ್ಕಿಂತ ಮೇಲಿನ ಬೋಲ್ಟಿಗೆ ಬುಡದ ತ್ರಿಜ್ಯ ಕನಿಷ್ಠ ಪಿಚ್ಚಿನ 0.125 ಪಟ್ಟು ಇರಬೇಕು.

ನಟ್ಟು ಬೋಲ್ಟು ಒಂದಕ್ಕೊಂದು ತಾಗುವುದು ಹಲ್ಲಿನ ಇಳಿಜಾರಿನಲ್ಲಿ, ತುದಿಯಲ್ಲೂ ಅಲ್ಲ, ಬುಡದಲ್ಲೂ ಅಲ್ಲ. ಅದಕ್ಕೇ ನಾನು ಕೊನೆಗೆ ನಂಬುವುದು ಪಿಚ್ ವ್ಯಾಸವನ್ನು, ಅಂದರೆ ಹಲ್ಲಿನ ದಪ್ಪವೂ ತೋಡಿನ ಅಗಲವೂ ಸಮನಾಗಿರುವ ಕಡೆಯ ವ್ಯಾಸವನ್ನು: ಹೊರವ್ಯಾಸದಿಂದ ಪಿಚ್ಚಿನ 0.6495 ಪಟ್ಟು ಕಳೆದದ್ದು. ಎಂ20ಕ್ಕೆ ಅದು 18.376. 6ಜಿ ಪ್ರಕಾರ 18.164ರಿಂದ 18.334ರೊಳಗೆ ಬರಬೇಕು.

ಅದನ್ನು ಥ್ರೆಡ್ಡಿನ ತೋಡುಗಳಲ್ಲಿ ಮೂರು ತಂತಿ (ಒಂದು ಬದಿಗೆ ಎರಡು, ಎದುರು ಬದಿಗೆ ಒಂದು) ಇಟ್ಟು ಅವುಗಳ ಮೇಲಿಂದ ಅಳೆಯುತ್ತೇನೆ. ತಂತಿಯ ದಪ್ಪ ಪಿಚ್ಚಿನ 0.577 ಪಟ್ಟು ಇದ್ದರೆ ಅದು ಸರಿಯಾಗಿ ಪಿಚ್ ವ್ಯಾಸದಲ್ಲೇ ತಾಗುತ್ತದೆ. ಇಲ್ಲಿ 1.443 ಬೇಕು, ನನ್ನ ಬಳಿ ಇರುವುದು 1.45. ನಡೆಯುತ್ತದೆ. ಪಿಚ್ ವ್ಯಾಸಕ್ಕೆ ತಂತಿಯ ದಪ್ಪದ ಮೂರರಷ್ಟನ್ನು ಸೇರಿಸಿ, ಪಿಚ್ಚಿನ 0.866 ಪಟ್ಟನ್ನು ಕಳೆದರೆ ಮೈಕ್ರೋಮೀಟರ್ ತೋರಿಸಬೇಕಾದ ಅಳತೆ ಬರುತ್ತದೆ: 20.349ರಿಂದ 20.519. 20.6 ತೋರಿಸಿದರೆ ಟೂಲನ್ನು ನೇರವಾಗಿ 0.05 ಒಳಗೆ ಕೊಟ್ಟು ಮತ್ತೊಂದು ಕಟ್. ವ್ಯಾಸದಲ್ಲಿ 0.1 ಇಳಿದು 20.5ಕ್ಕೆ ಬರುತ್ತದೆ. ಬರ್ (ಕಟ್ ಮಾಡಿದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ತೆಗೆಯದೆ ಮಾತ್ರ ಅಳೆಯಬೇಡಿ.

ನಟ್ಟಿನ ಕಡೆ ಲೆಕ್ಕ ಸುಲಭ. ಹೊರವ್ಯಾಸದಲ್ಲಿ ಪಿಚ್ ಕಳೆದರೆ ಟ್ಯಾಪಿಗೆ (ತೂತಿನೊಳಗೆ ಹಲ್ಲು ಹಾಕುವ ಟೂಲ್) ಬೇಕಾದ ಡ್ರಿಲ್ ಅಳತೆ, ಇಲ್ಲಿ 17.5. ನಟ್ಟಿನ ದರ್ಜೆ 6ಎಚ್ ಪ್ರಕಾರ ಒಳವ್ಯಾಸ 17.294ರಿಂದ 17.744ರವರೆಗೆ ಇರಬಹುದು, 17.5 ಹೆಚ್ಚುಕಡಿಮೆ ನಡುವೆ ಬೀಳುತ್ತದೆ. ಸ್ಟೇನ್‌ಲೆಸ್‌ನಂಥ ಜಿಗುಟು ಲೋಹಕ್ಕೆ ನಾನು 17.6 ಹಾಕುತ್ತೇನೆ. ಹಲ್ಲಿನ ಎತ್ತರ ಕೊಂಚ ಕಡಿಮೆಯಾದರೂ ಟ್ಯಾಪಿನ ಮೇಲಿನ ಹೊರೆ ಇಳಿಯುತ್ತದೆ. ಅದಕ್ಕಿಂತ ದೊಡ್ಡದು ಹಾಕುವುದಿಲ್ಲ, ಡ್ರಿಲ್ ತನ್ನ ಅಳತೆಗಿಂತ ತುಸು ಅಗಲವಾಗಿಯೇ ಕೊರೆಯುತ್ತದೆ.