ಟೀವೀಲಿ ಸಿನಿಮಾ ಜರ್ಕ್ ಹೊಡೀತಿದ್ರೆ ಈ ಸೆಟ್ಟಿಂಗ್ ಆನ್ ಮಾಡಿ
ನಮ್ ತುಮಕೂರ್ನೋರು ಯಾರ್ಯಾರ ಮನೇಲಿ ಫೈರ್ ಟಿವಿ ಸ್ಟಿಕ್ (ಟೀವಿಗೆ ಸಿಕ್ಸಿ ನೆಟ್ಟಲ್ಲಿ ಸಿನಿಮಾ ನೋಡೋ ಅಮೆಜಾನ್ ಸಾಧನ) ಇದ್ಯೋ, ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇ ಅಂಡ್ ಸೌಂಡ್ಸ್, ಅದ್ರೊಳಗೆ ಡಿಸ್‌ಪ್ಲೇ, ಅಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್' ಆನ್ ಮಾಡ್ಕೊಳ್ಳಿ, ಆಪಲ್ ಟಿವಿ ಬಾಕ್ಸಲ್ಲಾದ್ರೆ 'ಮ್ಯಾಚ್ ಕಂಟೆಂಟ್' ಅಂತಿರುತ್ತೆ. ಸಿನಿಮಾ ಇರೋದು ಸೆಕೆಂಡಿಗೆ 24 ಫ್ರೇಮು, ಅಂದ್ರೆ 24 ಚಿತ್ರ, ಸ್ಟಿಕ್ ಕಳ್ಸೋದು 60, ಲೆಕ್ಕ ಸಮ ಕೂರಲ್ವಲ್ಲ, ಅದಕ್ಕೇ ಒಂದು ಫ್ರೇಮ್ ಮೂರ್ ಸಲ ಮುಂದಿಂದು ಎರಡೇ ಸಲ ಬಂದು, ಕ್ಯಾಮರಾ ನಿಧಾನಕ್ಕೆ ತೋಟದ ಮೇಲೆ ಸರಿಯೋವಾಗ ತೆಂಗಿನ ಮರಗಳು ತಡವರಿಸ್ದಂಗೆ ಕಾಣುತ್ತೆ. ನೆಟ್ ಸ್ಲೋ ಅಂದ್ಕೊಂಡು ಪ್ಲಾನ್ ಬದಲಾಯಿಸೋಕೆ ಹೋಗ್ಬೇಡಿ, ದುಡ್ಡು ದಂಡ. ಇದನ್ನ ಆನ್ ಮಾಡಿದ್ರೆ ಸ್ಟಿಕ್ಕೂ 24ರಲ್ಲೇ ಕಳ್ಸುತ್ತೆ, ಟೀವಿ ಅದಕ್ಕೆ ಬದಲಾಗ್ಬೇಕಲ್ಲ, ಹಾಗಾಗಿ ಸಿನಿಮಾ ಶುರುವಾಗೋವಾಗ ಒಂದೆರಡು ಸೆಕೆಂಡ್ ಸ್ಕ್ರೀನ್ ಕಪ್ಪಾಗುತ್ತೆ, ಗಾಬರಿ ಆಗ್ಬೇಡಿ. ಆ್ಯಪ್ ಸಪೋರ್ಟ್ ಮಾಡ್ದಿದ್ರೆ, ಇಲ್ಲಾ ಟೀವಿ 24 ಹರ್ಟ್ಸ್ (ಸೆಕೆಂಡಿಗೆ 24 ಸಲ) ತಗೊಳ್ದಿದ್ರೆ ಮಾತ್ರ ಏನೂ ಬದಲಾಗಲ್ಲ.